ಎರಡೇ ಸೀಟು

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುಗೆರೆ ದಾಟಿತು, ಕೆಂಪಿನ ಕಡೆಗೆ ಒಂದು ಕೂದಲೆಳೆ ವಾಲಿತು, ಇನ್ನೂ ವಾಲುತ್ತದೆ, ನಿಂತರೆ ಇದರ ಬುದ್ಧಿಯೇ ಇಷ್ಟು, ಓಡುವಾಗ ಎಷ್ಟು ಸಾಧುವೋ ನಿಂತಾಗ ಅಷ್ಟು ಸಿಡುಕು — ರೈಲ್ವೆ ಗೇಟಿನ ಕೆಂಪು ಬಿಳಿ ಪಟ್ಟೆಯ ಕಂಬ ಮೂಗಿನ ನೇರಕ್ಕೇ ಬಿದ್ದಿದೆ, ರೈಲಿನ ಸುಳಿವಿಲ್ಲ, ಹಳಿಗಳ ಮೇಲೆ ಬಿಸಿಲು ಕುಣಿಯುತ್ತಿದೆ, ಮತ್ತು ಅವನ ಕೈ ಯಾರ ಅಪ್ಪಣೆಯನ್ನೂ ಕೇಳದೆ, ಒಬ್ಬನೇ ಓಡಿಸುವಾಗಿನ ರೂಢಿಯಂತೆ ತಾನೇ ಹೋಗಿ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟಿತು. ಆರಿದ ಮೇಲೆ ಹೊಳೆಯಿತು. ಅಯ್ಯೋ, ಎಂಥ ಕೆಲಸವಾಯಿತು. ಈಗ ಗೇಟು ಎದ್ದಾಗ ಇದನ್ನು ಮತ್ತೆ ಎಬ್ಬಿಸಬೇಕು, ಹಿಂದಿನ ಟ್ಯಾಕ್ಸಿಯಲ್ಲಿ ಕೂತಿರುವ ಹೆಂಡತಿಯ ಕಣ್ಣೆದುರಿಗೇ ಎಬ್ಬಿಸಬೇಕು, ಎಬ್ಬಿಸಿದರೆ ಇದು ಕೂಡಲೇ ಎದ್ದುಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಮಾತು, ಬಿಸಿಯಾದ ಎಂಜಿನ್ ಒಮ್ಮೆ ಆರಿತೋ ಅರ್ಧ ಗಂಟೆ ಏಳಲ್ಲ, ದೇವರೇ ಬಂದು ಕೀಲಿ ತಿರುಗಿಸಿದರೂ ಏಳಲ್ಲ, ತಣ್ಣಗಾಗುವವರೆಗೆ ಮುನಿಸು ಬಿಡಲ್ಲ. ಆ ಅರ್ಧ ಗಂಟೆಯ ಮುನಿಸಿನಿಂದಲೇ ತಾನೇ ಇವತ್ತು ಇದು ಗುಜರಿಗೆ ಹೊರಟಿರುವುದು. ಆ ಮುನಿಸಿನಿಂದಲೇ ತಾನೇ ಪಕ್ಕದಲ್ಲಿ ಕೂತ ಮಾವ ಊರುಗೋಲನ್ನು ಎರಡು ಮಂಡಿಗಳ ನಡುವೆ ಹಿಡಿದುಕೊಂಡು, ಸೊಂಟದ ಅಡಿಗೆ ದಿಂಬು ಹಾಕಿಕೊಂಡು, ಮುರಿದು ಕೂಡಿದ ಮೂಳೆಗೆ ನೋವಾಗದ ಹಾಗೆ ಒಂದು ಪಕ್ಕಕ್ಕೆ ವಾಲಿ ಕೂತಿರುವುದು. ಹಾಗಂತ ಎಲ್ಲರೂ ತಿಳಿದಿದ್ದಾರೆ. ಹಾಗಂತ ಅವನೇ ಹೇಳಿದ್ದಾನೆ. ಮೇಲಿನ ಪುಟ್ಟ ಕನ್ನಡಿಯಲ್ಲಿ ಟ್ಯಾಕ್ಸಿಯ ಗಾಜು, ಗಾಜಿನ ಹಿಂದೆ ಅವಳ ಹಣೆ ಮತ್ತು ಕಣ್ಣು ಮಾತ್ರ, ಬಾಯಿ ಕಾಣುವುದಿಲ್ಲ, ಬಾಯಿ ಕಾಣದಿದ್ದರೆ ಅವಳು ಸಿಟ್ಟಿನಲ್ಲಿದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ, ಇಷ್ಟು ವರ್ಷ ಬಾಯಿಗಳನ್ನೇ ನೋಡಿಕೊಂಡು ಬಂದವನಿಗೆ ಕಣ್ಣು ಓದಲು ಬರುವುದಿಲ್ಲ. ಮಗಳು ನಮ್ಮ ಹಿಂದೇನೇ ಬರ್ತಿದ್ದಾಳಾ, ಅಂದರು ಮಾವ. ಬರ್ತಿದ್ದಾಳೆ ಮಾವ. ಪಾಪ, ಈ ಗಾಡಿ ಮೇಲೆ ಅಷ್ಟು ದ್ವೇಷ ಅವಳಿಗೆ, ಅಂದರು ಮಾವ. ದ್ವೇಷಕ್ಕೆ ವಿಳಾಸ ತಪ್ಪಿದೆ ಅಂತ ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು.

ಶುರು ಅಂದರೆ ಹಲ್ಲಿನ ಡಾಕ್ಟರರ ಗ್ಯಾರೇಜಿನಿಂದ. ಡಾಕ್ಟರರು ಮುಂದಿನ ಕೋಣೆಯಲ್ಲಿ ಜನರ ಬಾಯಿ ಬಿಡಿಸುತ್ತಾರೆ, ಹಿಂದಿನ ಕೋಣೆಯಲ್ಲಿ ಅವನು ಆ ಬಾಯಿಗಳ ಅಚ್ಚು ಹುಯ್ದು, ಮೇಣ ತಿದ್ದಿ, ಗುಲಾಬಿ ಒಸಡಿನಲ್ಲಿ ಬಿಳಿ ಹಲ್ಲು ಕೂರಿಸಿ ಸೆಟ್ಟು ಕಟ್ಟುತ್ತಾನೆ, ಕಿಟಕಿಯ ಕಟ್ಟೆಯ ಮೇಲೆ ಊರಿನ ಅರ್ಧ ನಗು ಸಾಲಾಗಿ ಒಣಗುತ್ತಿರುತ್ತದೆ, ಒಂದೂ ಮಾತಾಡುವುದಿಲ್ಲ. ದಿನವಿಡೀ ಸುಣ್ಣದ ಧೂಳು, ಬಗ್ಗಿದ ಕತ್ತು. ಸಂಜೆ ಕೈ ತೊಳೆದು ಹೊರಗೆ ಬಂದರೆ ಡಾಕ್ಟರರ ಗಾಡಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು, ಕಡು ಹಸಿರು, ಮಡಚಿದ ಎರಡು ದೀಪ, ಎರಡು ಸೀಟು, ಇದಕ್ಕಿಂತ ಹೆಚ್ಚು ಯಾರಿಗೂ ಜಾಗವಿಲ್ಲ ಅಂತ ಮುಖದ ಮೇಲೇ ಬರೆದುಕೊಂಡಿತ್ತು. ಡಾಕ್ಟರರಿಗಿಂತ ಮುಂಚೆ ಯಾರೋ ಇಬ್ಬರು ಇಟ್ಟುಕೊಂಡು ಕೈಬಿಟ್ಟಿದ್ದರಂತೆ. ಡಾಕ್ಟರರೂ ಬಿಟ್ಟರು. ತಗೋ ಮಾರಾಯ, ನಿನ್ನ ಕಣ್ಣು ದಿನಾ ಇದರ ಮೇಲೇ ಇರುತ್ತೆ, ಆದ್ರೆ ಇದಕ್ಕೆ ಸಿಕ್ಕಾಪಟ್ಟೆ ಕೋಪ, ಆಮೇಲೆ ನನ್ನ ಬಯ್ಯಬೇಡ, ಅಂದರು. ಬಯ್ಯುವುದೆಲ್ಲಿ ಬಂತು, ಮೊದಲ ದಿನ ಮನೆಗೆ ತರುವಾಗ ಸುರಂಗದ ದಾರಿಯಲ್ಲಿ ಗಾಜು ಇಳಿಸಿ ಮೂರನೇ ಗೇರಿಗೆ ಹಾಕಿದಾಗ ಹೊಟ್ಟೆಯೊಳಗಿಂದ ಎದ್ದ ಆ ಸದ್ದು ಗೋಡೆಗೆ ಬಡಿದು ವಾಪಸ್ ಬಂದಾಗ ಅವನು ಒಬ್ಬನೇ ನಕ್ಕುಬಿಟ್ಟಿದ್ದ, ಜೋರಾಗಿ, ಬಾಯಿ ತುಂಬ, ಅಷ್ಟು ಹಲ್ಲು ಕಟ್ಟಿದವನಿಗೆ ತನ್ನ ಹಲ್ಲು ಗಾಳಿಗೆ ತಣ್ಣಗಾದದ್ದು ಅವತ್ತೇ ಮೊದಲು ಗೊತ್ತಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕು ಜನ ಇರೋ ಮನೆಗೆ ಎರಡು ಸೀಟಿನ ಗಾಡಿ ತಂದಿದ್ದೀಯಲ್ಲ, ಉಳಿದ ಇಬ್ಬರು ಮೇಲೆ ಕೂರ್ಬೇಕಾ, ಅಂದಳು. ಅತ್ತೆ ಹಿಂದಿನಿಂದ ಇಣುಕಿ, ಇನ್ನೂ ಬೆಳೆದಿಲ್ಲ ಅಂತ ಕಾಣುತ್ತೆ ಬಿಡೇ, ಅಂದರು. ಮಾವ ಮಾತ್ರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲಿಗೆ ಬೆರಳ ಹಿಂಬದಿ ತಾಗಿಸಿ ನೋಡಿದರು, ಜೀವಮಾನವಿಡೀ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸಿದವರು, ಯಾವುದನ್ನಾದರೂ ಮೆಚ್ಚಬೇಕಾದರೆ ಹಾಗೆ ಬೆರಳ ಹಿಂಬದಿಯಿಂದಲೇ ಮುಟ್ಟುವುದು. ಒಳ್ಳೇ ಮಾಲು, ಅಂದರು. ಅಷ್ಟೇ. ಅವನಿಗೆ ಅಷ್ಟೇ ಸಾಕಾಗಿತ್ತು. ಆಮೇಲೆ ಒಂದೊಂದಾಗಿ ಇದರ ಬಣ್ಣ ಬಯಲಾಯಿತು. ದೀಪ ಹಾಕಿದರೆ ಒಂದು ಕಣ್ಣು ಕೂಡಲೇ ತೆರೆಯುತ್ತದೆ, ಇನ್ನೊಂದು ಯೋಚಿಸಿ ತೆರೆಯುತ್ತದೆ, ಎದುರಿಗೆ ಬಂದವರಿಗೆಲ್ಲ ಕಣ್ಣು ಹೊಡೆದ ಹಾಗೆ. ಮಳೆ ಬಂದರೆ ಪಕ್ಕದ ಸೀಟಿನವರ ತೊಡೆಯ ಮೇಲೆ ಸರಿಯಾಗಿ ಒಂದೇ ಜಾಗಕ್ಕೆ ತೊಟ್ಟಿಕ್ಕುತ್ತದೆ. ನಿಂತರೆ ಮುಳ್ಳು ಏರುತ್ತದೆ, ಆರಿಸಿದರೆ ಏಳುವುದಿಲ್ಲ, ಬಿಸಿಯಾದಾಗ ರಿವರ್ಸ್ ಗೇರು ಬೀಳುವುದೇ ಇಲ್ಲ, ಹಿಂದಕ್ಕೆ ಹೋಗುವುದು ಅಂದರೆ ಇದಕ್ಕೆ ಅವಮಾನ. ಹಾಗಾಗಿ ಮನೆಯವರೆಲ್ಲ ಇದರ ಜೊತೆ ಸಂಸಾರ ಮಾಡುವುದು ಕಲಿತರು, ಯಾರನ್ನಾದರೂ ಕರೆದುಕೊಂಡು ಬರಬೇಕಾದರೆ ಅವರು ಗಾಡಿ ಬರುವ ದಿಕ್ಕು ನೋಡಿ ರಸ್ತೆಯ ಆ ಪಕ್ಕಕ್ಕೇ ಹೋಗಿ ನಿಂತಿರಬೇಕು, ಅವನು ತಿರುಗಿಸುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ, ನಿಧಾನ ಮಾಡಿದಾಗ ಬಾಗಿಲು ತೆಗೆದು ಕೂತುಬಿಡಬೇಕು. ಹೆಂಡತಿ ಅದನ್ನು ನೆಂಟರ ಮುಂದೆ ಅಭಿನಯಿಸಿ ತೋರಿಸುತ್ತಿದ್ದಳು, ಹೊಟ್ಟೆ ಹಿಡಿದು ನಗುತ್ತಿದ್ದರು ಎಲ್ಲರೂ, ನನ್ನ ಸವತಿ ಇವಳು, ಇವಳ ಮರ್ಜಿ ಕಾಯ್ಕೊಂಡೇ ನಾವು ಬದುಕ್ಬೇಕು, ಅನ್ನುತ್ತಿದ್ದಳು. ಆಗ ಇನ್ನೂ ನಗುತ್ತಿದ್ದಳು. ಸೀಟು ತೀರಾ ತಗ್ಗು, ಕೂತರೆ ಮಾವನ ಮಂಡಿ ಗಲ್ಲಕ್ಕೆ ಬರುತ್ತಿತ್ತು, ಅದಕ್ಕೆ ಅತ್ತೆ ಪರದೆ ಹೊಲಿದು ಉಳಿದ ನೀಲಿ ಚೌಕಳಿಯ ತುಂಡಿನಲ್ಲಿ ಒಂದು ದಿಂಬು ಹೊಲಿದುಕೊಟ್ಟರು, ಅಂದಿನಿಂದ ಗಾಡಿಯಲ್ಲಿ ಹೋಗುವಾಗ ಮಾವ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುವುದು, ಇಳಿದರೆ ಕಂಕುಳಲ್ಲಿ ಇಟ್ಟುಕೊಂಡೇ ಹೋಗುವುದು. ಡಾಕ್ಟರ ಹತ್ತಿರ ಹೋದರೂ ದಿಂಬು, ಕಟಿಂಗ್ ಮಾಡಿಸಿಕೊಳ್ಳಲು ಹೋದರೂ ದಿಂಬು. ಗಾಡಿಯಲ್ಲೇ ಬಿಟ್ಟಿರಿ ಮಾವ, ಅಂದರೆ, ನೀನು ಇನ್ಯಾರನ್ನಾದರೂ ಕೂರಿಸ್ಕೊಂಡ್ರೆ ಅವರಿಗೆ ಯಾಕಪ್ಪ ಅಡ್ಡಿ, ಅನ್ನುತ್ತಿದ್ದರು.

ಕಂಕುಳಲ್ಲಿ ದಿಂಬು — ಬೇಡ, ಅಲ್ಲಿಗೆ ಹೋಗುವುದು ಬೇಡ, ಗೇಟು ನೋಡು, ಗೇಟಿನ ಆಚೆ ಒಬ್ಬ ಸೈಕಲ್ಲಿನವನು ಒಂದು ಕಾಲು ನೆಲಕ್ಕಿಟ್ಟು ಗಾಡಿಯನ್ನೇ ನೋಡುತ್ತಿದ್ದಾನೆ, ಹೀಗೆ ಎಲ್ಲರೂ ನೋಡುತ್ತಾರೆ, ನೋಡುವವರಿಗೆ ಏನು ಗೊತ್ತು. ಮೆಕ್ಯಾನಿಕ್ಕಿಗೆ ಗೊತ್ತು. ಮೆಕ್ಯಾನಿಕ್ಕಿಗೆ ಮಾತ್ರ. ಅವನೇ ಹುಡುಕಿದ್ದು, ಹೆಬ್ಬೆರಳಿನಷ್ಟೂ ಇರಲಿಲ್ಲ ಆ ಪಾರ್ಟು, ಬಿಸಿಯಾದಾಗ ಸೋಲುತ್ತಿತ್ತಂತೆ, ತೆಗೆದು ಹೊಸದು ಹಾಕಿ, ಇನ್ನು ನಿಮ್ಮ ಅರ್ಧ ಗಂಟೆ ತಪಸ್ಸು ಮುಗೀತು ಸಾರ್, ಎಷ್ಟೇ ಬಿಸಿ ಇರ್ಲಿ, ಮುಟ್ಟಿದ್ರೆ ಸ್ಟಾರ್ಟು, ಅಂದ. ಅದೂ ಯಾವಾಗ, ಮಾವ ಬೀಳುವುದಕ್ಕೆ ಎಷ್ಟೋ ಮುಂಚೆ. ಸಂತೋಷದಿಂದ ಮನೆಗೆ ಹೊರಟಿದ್ದ, ಹೋಗುತ್ತಲೇ ಹೇಳಬೇಕು ಅಂತಲೇ ಹೊರಟಿದ್ದ, ಆದರೆ ದಾರಿಯಲ್ಲಿ ಗುಡ್ಡದ ರಸ್ತೆಯ ಬಾಯಿ ಕಾಣಿಸಿತು, ಒಂದು ಸುತ್ತು ಅಂತ ಹೋದ, ತಿರುವು, ತಿರುವು, ಮರದ ನೆರಳು, ಮತ್ತೆ ತಿರುವು, ಸ್ಟಿಯರಿಂಗ್ ಅಂಗೈಯಲ್ಲಿ ಜೀವ ಬಂದ ಹಾಗೆ, ಮನೆ ಮುಟ್ಟಿದಾಗ ಅತ್ತೆ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದರು, ಹೆಂಡತಿ ಎಲ್ಲಿದ್ದೆ ಅಂತಲೂ ಕೇಳಲಿಲ್ಲ, ತಾನೇ ಹೇಳಿಬಿಟ್ಟಳು, ಬಿಸಿಯಾಗಿ ನಿಂತೋಯ್ತಾ ನಿನ್ನ ಮಹಾರಾಣಿ? ಅವನು ಹೂಂ ಅಂದ. ಅಷ್ಟೇ ಆದದ್ದು. ಒಂದು ಹೂಂ. ಅದರಲ್ಲಿ ಯಾರಿಗೆ ಏನು ನಷ್ಟ. ಆಮೇಲೆ ಆ ಹೂಂ ಎಷ್ಟು ಅನುಕೂಲ ಅಂತ ಗೊತ್ತಾಯಿತು, ತಡವಾದರೆ ಗಾಡಿ ನಿಂತಿತ್ತು, ಫೋನ್ ತೆಗೆಯದಿದ್ದರೆ ಗಾಡಿ ನಿಂತಿತ್ತು, ಅತ್ತೆಯ ತಂಗಿಯ ಮನೆಗೆ ಹೋಗುವುದು ತಪ್ಪಿತೆಂದರೆ ಗಾಡಿ ನಿಂತಿತ್ತು, ಗಾಡಿ ಪಾಪ ಎಲ್ಲೂ ನಿಲ್ಲದೆ ಗುಡ್ಡದ ಮೇಲೆ ಹಾಡಿಕೊಂಡು ಓಡುತ್ತಿತ್ತು. ವಾಸಿಯಾದ ಕಾಯಿಲೆಯನ್ನು ಮನೆಯವರಿಗೆ ತಿಳಿಸದೆ ಹಾಸಿಗೆಯಲ್ಲೇ ಮಲಗಿ ಸೇವೆ ಮಾಡಿಸಿಕೊಂಡವನ ಹಾಗೆ ಅವನು ಆ ಅರ್ಧ ಗಂಟೆಗಳನ್ನು ತಿಂದ. ಸುಳ್ಳು ಅಂತ ಅನ್ನಿಸಲೇ ಇಲ್ಲ. ಹಾಗಿರುವಾಗ ಆ ಕಣ್ಣಿನ ಆಸ್ಪತ್ರೆಯ ದಿನ. ಅತ್ತೆ ಮಾವ ಇಬ್ಬರಿಗೂ ಒಟ್ಟಿಗೆ ಕಣ್ಣು ತೋರಿಸುವುದಿತ್ತು, ಟ್ಯಾಕ್ಸಿ ಕರೆಯೋಣ ಅಂದಿದ್ದಳು ಹೆಂಡತಿ, ಬೇಡ, ನಾನೇ ಎರಡು ಸಲ ಹೋಗಿ ಬರ್ತೀನಿ, ಅಂದಿದ್ದ ಅವನು, ಯಾಕೆ ಅಂದಿದ್ದ, ಎರಡು ಸಲ ಓಡಿಸಬಹುದಲ್ಲ ಅಂತ. ಹಾಗೇ ಒಬ್ಬೊಬ್ಬರನ್ನಾಗಿ ಬಿಟ್ಟು ಬಂದ. ವಾಪಸ್ ಬರುವಾಗ ಮಾವ ಹೇಳಿದರು, ಮೊದಲು ಅವಳನ್ನ ಬಿಟ್ಟು ಬಾ, ಅವಳಿಗೆ ನಿಲ್ಲಕ್ಕಾಗಲ್ಲ. ಮಾವನ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲಿಸಿದ್ದರು, ಎಲ್ಲ ಮಸುಕು, ಅಳಿಯನ ಮುಖವೂ ಹಾಲಲ್ಲಿ ಅದ್ದಿದ ಹಾಗಿದೆ ಅಂತ ನಕ್ಕರು. ಅವನು ಅವರನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಇಲ್ಲೇ ಇರಿ ಮಾವ, ಕದಲಬೇಡಿ, ಈಗ ಬಂದೆ, ಅಂದ. ಎಲ್ಲಿಗೆ ಹೋಗ್ಲಿ ಕಣ್ಣು ಕಾಣದೆ, ಅಂದರು. ಅತ್ತೆಯನ್ನು ಮನೆ ಮುಂದೆ ಇಳಿಸಿದ. ಪೇಟೆ ರಸ್ತೆಯಲ್ಲಿ ನೇರ ವಾಪಸ್ ಹೋಗಿದ್ದರೆ, ಹೋಗಿದ್ದರೆ, ಆ ಹೋಗಿದ್ದರೆ ಅನ್ನುವ ಮಾತನ್ನು ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸಲ ಅಗಿದಿದ್ದಾನೋ, ಚಪ್ಪೆಯಾಗಿದೆ, ಆದರೂ ಉಗುಳಲಾಗುವುದಿಲ್ಲ. ಎಂಜಿನ್ ಹದವಾಗಿ ಬಿಸಿಯಾಗಿತ್ತು. ರಸ್ತೆ ಒಣಗಿತ್ತು. ಗುಡ್ಡದ ರಸ್ತೆಯೂ ಸುತ್ತಿ ಬಳಸಿ ಕೊನೆಗೆ ಆಸ್ಪತ್ರೆಯ ಬೀದಿಗೇ ಇನ್ನೊಂದು ತುದಿಯಿಂದ ಬಂದು ಸೇರುತ್ತದೆ, ಹೋಗುವುದು ಅಲ್ಲಿಗೇ ತಾನೇ. ತಡವಾದರೆ ಕಾರಣ ಹೇಗೂ ಸಿದ್ಧವಾಗಿದೆ, ಬಿಸಿಯಾಗಿ ನಿಂತಿತ್ತು. ಮತ್ತು ಅವತ್ತು ಆ ಗಾಡಿ ಓಡಿದ ಹಾಗೆ ಅದಕ್ಕಿಂತ ಮುಂಚೆ ಓಡಿರಲಿಲ್ಲ, ಆಮೇಲೂ ಓಡಲಿಲ್ಲ, ಒಂದು ಕೆಮ್ಮಿಲ್ಲ, ಒಂದು ಕೊಸರಾಟವಿಲ್ಲ, ಮುಳ್ಳು ಇಟ್ಟಲ್ಲಿ ಇಟ್ಟ ಹಾಗೆ, ಅವನಿಗೆ ಅಳು ಬರುವಷ್ಟು ಸುಖವಾಗಿತ್ತು, ನಾಚಿಕೆಯಾಗುತ್ತದೆ ಈಗ, ಆದರೆ ಸುಖವಾಗಿತ್ತು ಅನ್ನುವುದೂ ನಿಜ. ಕೊನೆಯ ತಿರುವಿನಲ್ಲಿ ಮರಗಳು ಒಮ್ಮೆ ಸರಿದು ಕೆಳಗಿನ ಬೀದಿ ಪೂರ್ತಿ ಕಾಣುತ್ತದೆ. ಕಂಡಿತು. ಮೆಟ್ಟಿಲ ಮೇಲೆ ಮಾವ, ಇಷ್ಟೇ ಇಷ್ಟು, ಕಂಕುಳಲ್ಲಿ ದಿಂಬು, ಮುಖ ಗುಡ್ಡದ ಕಡೆಗೆ ಎತ್ತಿಕೊಂಡಿದ್ದಾರೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಬಂದೆ ಮಾವ ಅನ್ನುವ ಹಾಗೆ ಒಂದು ಗೇರು ಇಳಿಸಿ, ಬೇಕಂತಲೇ ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಿದ, ಗುಡ್ಡವೆಲ್ಲ ಮೊಳಗಿತು. ಆಮೇಲೆ ಮತ್ತೆ ಮರ. ಮರ ಮುಗಿದು ಬೀದಿಗೆ ಬಂದಾಗ ಜನ ಸೇರಿದ್ದರು, ಒಂದು ಸ್ಕೂಟರ್ ಅಡ್ಡ ಬಿದ್ದು ಚಕ್ರ ಸುಮ್ಮನೆ ತಿರುಗುತ್ತಿತ್ತು, ಮಾವ ಮೆಟ್ಟಿಲ ಮೇಲಿರಲಿಲ್ಲ, ರಸ್ತೆಯ ನಡುವೆ ಇದ್ದರು.

ಗಂಟೆ ಬಡಿಯುತ್ತಿದೆ ಗೇಟಿನ ಮೇಲೆ, ರೈಲು ಇನ್ನೂ ದೂರವಿರಬೇಕು, ಮಾವ ಊರುಗೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು, ಬಾಯಿಯಲ್ಲಿ ಹಲ್ಲು ಕಟಕ್ ಅಂದಿತು. ಆ ಕಟಕ್ ಅವನದೇ ಕೆಲಸ. ಬಿದ್ದಾಗ ಮೇಲಿನ ಸೆಟ್ಟು ಎರಡು ಹೋಳಾಗಿತ್ತು, ಆಸ್ಪತ್ರೆಯವರು ಅದನ್ನು ಕಾಗದದಲ್ಲಿ ಸುತ್ತಿ ಅವನ ಕೈಗೇ ಕೊಟ್ಟಿದ್ದರು, ಅವನೇ ಕಟ್ಟಿದ ಸೆಟ್ಟು, ತಿಂಗಳುಗಟ್ಟಲೆ ಮಾವನ ಮಾತು ಕೇಳಿ ಕೇಳಿ ಅವರ ನಾಲಿಗೆಗೆ ಎಲ್ಲೂ ತಾಗದ ಹಾಗೆ ತಿದ್ದಿದ ಸೆಟ್ಟು. ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತು ಅದನ್ನು ಕೂಡಿಸಿದ, ಎಷ್ಟು ಉಜ್ಜಿದರೂ ಗೆರೆ ಹೋಗಲಿಲ್ಲ, ಉಜ್ಜಿದಷ್ಟೂ ಒಂದು ಪಕ್ಕ ತೆಳುವಾಯಿತು, ಕಟಕ್ ಶುರುವಾಯಿತು. ಹೊಸದೇ ಕಟ್ಟಿಕೊಟ್ಟ, ಅದಕ್ಕಿಂತ ಚೆನ್ನಾಗಿ ಈ ಜನ್ಮದಲ್ಲಿ ಕಟ್ಟಲಾರ, ಮಾವ ಹಾಕಿಕೊಂಡು ನೋಡಿ, ತುಂಬ ಚೆನ್ನಾಗಿದೆ ಕಣಪ್ಪ, ಆದ್ರೆ ಹಳೇದೇ ಇರ್ಲಿ, ಒಗ್ಗಿಹೋಗಿದೆ, ಅಂದು ಡಬ್ಬಿಯಲ್ಲಿಟ್ಟರು. ಊಟಕ್ಕೆ ಕೂತಾಗಲೆಲ್ಲ ಕಟಕ್. ಅವತ್ತು ಆಸ್ಪತ್ರೆಯ ಪಡಸಾಲೆಯಲ್ಲಿ ಹೆಂಡತಿ ಓಡಿ ಬಂದವಳು ಅವನ ಎರಡೂ ತೋಳು ಹಿಡಿದುಕೊಂಡು, ಗಾಡಿ ಮತ್ತೆ ನಿಂತೋಯ್ತಾ, ಅದಕ್ಕೇ ತಡ ಆಯ್ತಾ, ಅಂದಳು. ಪ್ರಶ್ನೆಯೂ ಅವಳದೇ, ಉತ್ತರವೂ ಅವಳೇ ತಂದಿದ್ದಳು. ಅವನು ಹೂಂ ಅಂದ. ಅದೇ ಹೂಂ, ಬಾಯಲ್ಲಿ ಮೊದಲೇ ಅಚ್ಚು ಹುಯ್ದಿಟ್ಟ ಹಾಗಿತ್ತು, ತೆಗೆದು ಕೊಟ್ಟ. ಅವಳು ಅವನ ಭುಜಕ್ಕೆ ಹಣೆ ಇಟ್ಟು ಅತ್ತಳು, ನಿನ್ನ ತಪ್ಪಲ್ಲ, ನೀನೇನು ಮಾಡ್ತೀಯ, ಹಾಳಾದ ಗಾಡಿ, ಅಂದಳು, ಅವನು ಅವಳ ಬೆನ್ನು ಸವರಿದ, ಸವರುವ ಕೈಗೆ ಸ್ಟಿಯರಿಂಗಿನ ಬಿಸಿ ಇನ್ನೂ ಇತ್ತು. ಆಮೇಲೆ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ, ಅಲ್ಲ, ಕಣ್ಣು ಕಾಣದವರು ಮೆಟ್ಟಿಲು ಬಿಟ್ಟು ರಸ್ತೆ ಯಾಕೆ ದಾಟಿದ್ರು? ಅತ್ತೆ ಅನ್ನುತ್ತಿದ್ದರು, ಎದುರಿಗೆ ಪೇಪರ್ ಅಂಗಡಿ ಇದೆಯಲ್ಲ, ಪೇಪರ್ ತಗೊಳ್ಳೋ ಚಟ. ಕಣ್ಣು ಕಾಣದೆ ಪೇಪರ್ ಯಾಕಮ್ಮ, ಅನ್ನುತ್ತಿದ್ದಳು ಹೆಂಡತಿ. ಮಾವನನ್ನು ಕೇಳಿದರೆ, ನೆನಪಿಲ್ಲ, ಅನ್ನುತ್ತಿದ್ದರು. ಅವನು ಪೇಪರ್ ಅಂಗಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಪೇಪರ್ ಅಂಗಡಿಯೇ ಇರಬೇಕು, ಪೇಪರ್ರೇ ಇರಬೇಕು, ಪೇಪರ್ ಆಗಿದ್ದರೆ ತಡ ಮಾಡಿದ್ದು ಮಾತ್ರ ತನ್ನ ತಪ್ಪು, ತಡ ಎಲ್ಲರೂ ಮಾಡುತ್ತಾರೆ, ತಡವನ್ನು ಹೊತ್ತುಕೊಂಡು ಹೇಗೋ ಬದುಕಬಹುದು. ಹೆಂಡತಿ ಅಲ್ಲಿಂದ ಮುಂದೆ ಈ ಗಾಡಿಗೆ ಕಾಲಿಡಲಿಲ್ಲ. ಮಾವ ಊರುಗೋಲು ಹಿಡಿದು ಅಂಗಳಕ್ಕೆ ಬರುವಂತಾದ ದಿನ ಹೇಳಿದಳು, ಇದನ್ನ ಯಾರಿಗೂ ಮಾರ್ಬೇಡ, ಇನ್ಯಾರ ಮನೆ ಅಪ್ಪನನ್ನೂ ಇದು ಬೀದೀಲಿ ಕಾಯಿಸೋದು ಬೇಡ, ಗುಜರಿಗೆ ಹಾಕು, ಹಿಂಡಿ ತಗಡು ಮಾಡ್ಲಿ. ಮೆಕ್ಯಾನಿಕ್ಕು ಕೇಳಿ ತಲೆ ಮೇಲೆ ಕೈ ಹೊತ್ತ, ಸಾರ್, ಒಂದು ಕೊರತೆ ಇಲ್ಲ ಈಗ, ಇಂಥ ಗಾಡೀನ ಯಾರಾದ್ರೂ — ಅವನು ಅರ್ಧಕ್ಕೇ ಫೋನ್ ಇಟ್ಟ. ಮಾರಬಹುದಿತ್ತು. ಕೊಂಡವನು ನಾಳೆ ಫೋನ್ ಮಾಡಿ, ಎಷ್ಟು ಬಿಸಿ ಇದ್ದರೂ ಮುಟ್ಟಿದ್ರೆ ಸ್ಟಾರ್ಟು ಕಣ್ರೀ, ಅಂದರೆ, ಅದೂ ಹೆಂಡತಿಯೇ ಫೋನ್ ತೆಗೆದರೆ. ಗುಜರಿಯಲ್ಲಿ ಹಿಂಡಿದ ತಗಡು ಫೋನ್ ಮಾಡುವುದಿಲ್ಲ. ಆಗ್ಲಿ, ಗುಜರಿಗೇ ಹಾಕೋಣ, ಅಂದ ಅವನು, ನೀನು ಹೇಳಿದ್ದೇ ಸರಿ. ಅವಳು ಎಷ್ಟು ಕೃತಜ್ಞತೆಯಿಂದ ನೋಡಿದಳು, ಪ್ರೀತಿಯ ವಸ್ತುವನ್ನು ತನಗಾಗಿ ಬಿಟ್ಟುಕೊಟ್ಟನಲ್ಲ ಗಂಡ ಅಂತ. ಛೀ.

ರೈಲು ಬಂತು, ಸರಕಿನ ರೈಲು, ಮುಗಿಯುವ ಹಾಗೆ ಕಾಣುವುದಿಲ್ಲ, ಡಬ್ಬಿ, ಡಬ್ಬಿ, ಡಬ್ಬಿ, ನೆಲ ಅದುರಿ ಗಾಡಿಯ ಒಳಗೆಲ್ಲ ಸಣ್ಣಗೆ ಗಿಲಿಗಿಲಿ, ಯೋಚಿಸಲು ಇನ್ನೂ ಸ್ವಲ್ಪ ಹೊತ್ತಿದೆ, ಉಪಾಯ ಏನಿಲ್ಲ ಅಂತಲ್ಲ, ಗೇಟು ಎದ್ದ ಮೇಲೆ ಕೀಲಿಯನ್ನು ಅರ್ಧ ಮಾತ್ರ ತಿರುಗಿಸುವುದು, ದೀಪ ಹತ್ತುತ್ತದೆ, ಎಂಜಿನ್ ಏಳುವುದಿಲ್ಲ, ಇಳಿದು ಹೋಗಿ ಬಾನೆಟ್ ಎತ್ತಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವುದು, ಹಿಂದಿನವರು ಬಯ್ದು ಪಕ್ಕದಿಂದ ಹೋಗುತ್ತಾರೆ, ಅವಳು ನೋಡು ಕೊನೇ ದಿನಾನೂ ಬಿಡ್ಲಿಲ್ಲ ಅನ್ನುತ್ತಾಳೆ, ಅರ್ಧ ಗಂಟೆ ನಾಟಕವಾಡಿದರೆ ಮುಗಿಯಿತು, ಗುಜರಿ ಅಂಗಳ ಮುಂದಿನ ತಿರುವಿನಲ್ಲೇ ಇದೆ, ಅಲ್ಲಿಗೆ ಎಲ್ಲವೂ ಮುಗಿಯಿತು. ಇಷ್ಟು ಸುಲಭ. ನಾನೂ ಕೊನೇ ಸಲ ಬರ್ತೀನಿ ಅಂತ ಮಾವ ಯಾಕೆ ಹಟ ಹಿಡಿದರೋ, ಇವತ್ತಾದರೂ ಮನೆಯಲ್ಲಿ ಇದ್ದಿದ್ದರೆ. ಮಾವ ಏನೋ ಹೇಳುತ್ತಿದ್ದಾರೆ, ರೈಲಿನ ಗಲಾಟೆಯಲ್ಲಿ ತುಟಿ ಮಾತ್ರ ಅಲ್ಲಾಡುತ್ತದೆ, ಏನು ಮಾವ? ಅವರು ಕಾದರು. ಕೊನೆಯ ಡಬ್ಬಿ ಹೋಯಿತು, ಸದ್ದೆಲ್ಲ ಅದರ ಹಿಂದೆಯೇ ಎಳೆದುಕೊಂಡು ಹೋಯಿತು. ಆರಿಸಿಬಿಟ್ಟೆಯಲ್ಲ, ಕೇಳ್ತಾ ಕೂತಿದ್ದೆ, ಅಂದರು ಮಾವ. ಎಷ್ಟು ಚೆನ್ನಾಗಿರುತ್ತೆ ಇದರ ಸದ್ದು. ಅವತ್ತಂತೂ, ಗುಡ್ಡದ ಮೇಲಿಂದ ಬರ್ತಿದ್ಯಲ್ಲ, ಒಂದು ಗಂಟಿಲ್ಲ, ಒಂದು ಎಳೆ ತುಂಡಾಗಿಲ್ಲ, ಇಡೀ ಥಾನು ಒಂದೇ ಸಲ ಬಿಚ್ಚಿದ ಹಾಗೆ ಬಂತು. ಕಣ್ಣು ಕಾಣ್ತಿರ್ಲಿಲ್ಲ ನೋಡು, ಅದಕ್ಕೇ ಇನ್ನೂ ಚೆನ್ನಾಗಿ ಕೇಳಿಸ್ತು. ಮಾವ ಊರುಗೋಲಿನ ಹಿಡಿಯನ್ನು ಬೆರಳ ಹಿಂಬದಿಯಿಂದ ಸವರುತ್ತ, ಯಾವುದೋ ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಾರೆ, ಪೇಟೆ ಕಡೆಯಿಂದ ಬರ್ತೀಯ ಅಂತ ಮೆಟ್ಟಿಲ ಮೇಲೇ ಇದ್ದೆ ಕಣಪ್ಪ, ನೀನು ಹೇಳಿದ ಹಾಗೇ ಇದ್ದೆ. ಗುಡ್ಡದ ಕಡೆಯಿಂದ ಕೇಳಿಸ್ತಲ್ಲ. ಓ, ಈ ಕಡೆಯಿಂದ ಬರ್ತಿದ್ದಾನೆ, ಹಾಗಾದ್ರೆ ಆ ಪಕ್ಕ ಹೋಗಿ ನಿಂತ್ಕೋಬೇಕು, ಗಾಡಿ ಬಿಸಿಯಾಗಿರುತ್ತೆ, ತಿರುಗಿಸೋಕೆ ಹೋದ್ರೆ ರಿವರ್ಸ್ ಬೀಳಲ್ಲ, ಪಾಪ ಒದ್ದಾಡ್ತಾನೆ ಅಂತ. ಕೊನೇಗೆ ಒಂದು ಸಲ ಜೋರಾಗಿ ಮಾಡಿದ್ಯಲ್ಲ, ಆಗ, ಹತ್ರಾನೇ ಬಂದ್ಬಿಟ್ಟ ಅಂತ ಬೇಗ ಇಳಿದೆ. ಕಟಕ್. ಪೇಪರ್ ಅಂಗಡಿ ಹೋಯಿತು. ಇಷ್ಟು ದಿನ ಹಿಡಿದುಕೊಂಡಿದ್ದ ಪೇಪರ್ ಅಂಗಡಿ, ಅದರ ಬಾಗಿಲು, ತೂಗುಹಾಕಿದ ಪೇಪರುಗಳ ಸಮೇತ ಹೋಯಿತು. ಮಾವ, ಅಂದ ಅವನು. ಇದನ್ನೆಲ್ಲ ಅವಳಿಗೆ ಯಾಕೆ ಹೇಳೋದು, ಅದಕ್ಕೇ ನೆನಪಿಲ್ಲ ಅಂದೆ, ಅಂದರು ಮಾವ. ವಯಸ್ಸಲ್ಲಿ ನಾನೂ ಅಂಗಡಿ ಮುಚ್ಚಿದ ಮೇಲೆ ನೇರ ಮನೆಗೆ ಹೋದವನಲ್ಲ. ಅಷ್ಟು ಹೇಳಿ ನಕ್ಕರು ಕೂಡ. ಬಯ್ಯಬಾರದಿತ್ತೇ, ಒಂದು ಮಾತು ಬಯ್ದಿದ್ದರೆ, ಊರುಗೋಲಿನಿಂದ ಮಂಡಿಗೆ ಒಂದು ಬಿಟ್ಟಿದ್ದರೆ, ಕ್ಷಮಿಸಿದ್ದಾರೆ, ಅವನಿಗೆ ಗೊತ್ತಿಲ್ಲದ ಹಾಗೆ ಎಂದೋ ಕ್ಷಮಿಸಿ, ದಿನಾ ಅವನ ಎದುರಿಗೇ ಕೂತು ಆ ಮುರಿದ ಹಲ್ಲಿನಲ್ಲಿ ಊಟ ಮಾಡಿದ್ದಾರೆ, ಬಡಿಸಿದ್ದನ್ನು ಚೆನ್ನಾಗಿದೆ ಅಂದಿದ್ದಾರೆ, ಅವನು ಸುಳ್ಳು ಹೇಳುವಾಗಲೆಲ್ಲ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದಾರೆ. ಕಂಬ ಏಳುತ್ತಿದೆ. ಎದ್ದಿತು. ಸೈಕಲ್ಲಿನವನು ಪಕ್ಕದಿಂದ ದಾಟಿ ಹೋದ. ಹಿಂದೆ ಹಾರ್ನು, ಮತ್ತೆ ಹಾರ್ನು, ಕನ್ನಡಿಯಲ್ಲಿ ಟ್ಯಾಕ್ಸಿಯ ಬಾಗಿಲು ತೆರೆಯಿತು, ಅವಳು ಇಳಿದು ಬರುತ್ತಿದ್ದಾಳೆ, ಸೆರಗು ಕೈಯಲ್ಲಿ ಹಿಡಿದುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಈಗ ಬಾಯಿಯೂ ಕಾಣುತ್ತಿದೆ, ಸಿಟ್ಟಿಲ್ಲ, ದಣಿದಿದ್ದಾಳೆ ಅಷ್ಟೇ. ಗಾಜಿಗೆ ಬೆರಳಿನ ಗಂಟಿನಿಂದ ತಟ್ಟಿದಳು. ಅವನು ಇಳಿಸಿದ. ಮತ್ತೆ ನಿಂತೋಯ್ತಾ? ಅಂದಳು. ಉತ್ತರವನ್ನೂ ತಂದಿದ್ದಾಳೆ, ಕೈಗೆ ಕೊಡುತ್ತಿದ್ದಾಳೆ, ಹೂಂ ಅಂದರೆ ಸಾಕು, ಅಚ್ಚು ಅಲ್ಲೇ ಇದೆ. ಅವನು ಬಾಯಿ ತೆರೆಯುವುದರೊಳಗೆ ಮಾವ ಈ ಕಡೆಗೆ ಬಗ್ಗಿ, ಹೂಂ ಕಣಮ್ಮ, ಬಿಸಿಯಾಗಿದೆ, ಸ್ವಲ್ಪ ಹೊತ್ತು ಬಿಡ್ಬೇಕು, ಅಂದರು. ಅವನ ಬದಲಿಗೆ. ಸುಳ್ಳು ಹೇಳಿ ರೂಢಿಯಿಲ್ಲದ ಆ ಬಾಯಿ, ಅವನೇ ಕಟ್ಟಿದ ಆ ಹಲ್ಲು, ಕಟಕ್. ಅವನ ಬೆರಳು ಕೀಲಿಯ ಮೇಲಿತ್ತು, ಅರ್ಧ ತಿರುಗಿಸಿದರೆ ದೀಪ, ಪೂರ್ತಿ ತಿರುಗಿಸಿದರೆ — ತಿರುಗಿಸಿದ. ಎದ್ದಿತು. ಮುಟ್ಟಿದರೆ ಸ್ಟಾರ್ಟು ಅಂದಿದ್ದನಲ್ಲ ಮೆಕ್ಯಾನಿಕ್ಕು, ಹಾಗೇ, ಒಂದು ಗಂಟಿಲ್ಲದೆ, ಒಂದು ಎಳೆ ತುಂಡಾಗದೆ ಎದ್ದು ಗುನುಗತೊಡಗಿತು. ಮಾವ ಕಣ್ಣು ಮುಚ್ಚಿಕೊಂಡರು. ಅವಳು ಗಾಜಿನ ಅಂಚಿನಿಂದ ಕೈ ತೆಗೆದಳು. ಬಿಸಿ ಇತ್ತಲ್ಲ, ಅಂದಳು. ಮುಳ್ಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅವನನ್ನು ನೋಡಿದಳು, ಹಿಂದೆ ಯಾರೋ ಹಾರ್ನು ಒತ್ತಿ ಹಿಡಿದಿದ್ದಾರೆ. ಯಾವಾಗಿಂದ, ಅಂದಳು ಮೆಲ್ಲಗೆ, ಯಾವಾಗಿಂದ ಸ್ಟಾರ್ಟ್ ಆಗ್ತಿದೆ ಇದು ಹೀಗೆ? ಯಾವಾಗಿಂದ ಅಂದರೆ, ಯಾವಾಗಿಂದ ಅಂದರೆ — ಮರಗಳು ಸರಿದಿದ್ದವು, ಕೆಳಗೆ ಬೀದಿ ಪೂರ್ತಿ ಕಂಡಿತ್ತು, ಮೆಟ್ಟಿಲ ಮೇಲೆ ಮಾವ, ಕಂಕುಳಲ್ಲಿ ದಿಂಬು, ಸದ್ದಿನ ಕಡೆಗೆ ಎತ್ತಿದ ಮುಖ, ಕಂಕುಳಲ್ಲಿ ನೀಲಿ ಚೌಕಳಿಯ ದಿಂಬು, ಜೋರಾಗಿ ಒತ್ತಿದ್ದ, ಗುಡ್ಡ ಮೊಳಗಿತ್ತು, ಮರ ಮುಚ್ಚುವುದಕ್ಕೆ ಮುಂಚೆ ಅವನು ಅದನ್ನೂ ನೋಡಿದ್ದ, ನೋಡಿಲ್ಲ ಅಂತ ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ, ನೋಡಿದ್ದ — ಕಂಕುಳಲ್ಲಿ ದಿಂಬು, ಮತ್ತು ಒಂದು ಕಾಲು, ಮೆಟ್ಟಿಲಿನಿಂದ ಕೆಳಗೆ.